ಬರ್ತಾಳೆ ಎಂಬ ಕ್ರಿಯಾಪದ

ಚಿಯಾತುರಾದಲ್ಲಿ ಶಾಲೆಗೆ ಹೋಗಲು ಹಾರಬೇಕು.
ತಗಡಿನ ನೀಲಿ ಡಬ್ಬಿ, ಎಂಟು ಜನ ಹಿಡಿಸುತ್ತದೆ,
ಕಿಟಕಿಯೆಂದು ಕರೆಯಬಹುದಾದ ಎರಡು ದುಂಡು ತೂತು.
ತಂತಿಗೆ ನನ್ನ ಅಮ್ಮನಿಗಿಂತ ಹೆಚ್ಚು ವಯಸ್ಸು.
ಲಾಮ್ಜಿರಾ ಚಿಲಕ ಹಾಕಿ, ಕಪ್ಪು ಫೋನೆತ್ತಿ
ಮೇಲಿನವರಿಗೆ ಏನೋ ಹೇಳುತ್ತಾಳೆ.
ಮೊದಲ ವಾರವೆಲ್ಲ ನನ್ನ ಬಗ್ಗೆಯೇ ಅಂದುಕೊಂಡೆ.
ಆಮೇಲೆ ಗೊತ್ತಾಯಿತು, ಆಲೂಗಡ್ಡೆಯ ರೇಟು.

ಕೆಳಗೆ ಕ್ವಿರಿಲಾ, ಮ್ಯಾಂಗನೀಸು ತೊಳೆದ ಹೊಳೆ,
ಎರಡನೇ ಸಲ ಇಳಿಸಿದ ಡಿಕಾಕ್ಷನ್ನಿನ ಬಣ್ಣ.
ಇಂಥ ಹೋಲಿಕೆಗೆ ಇಲ್ಲಿ ಯಾರೂ ತಲೆದೂಗುವುದಿಲ್ಲ;
ನಾನೇ ಹೇಳಿ ನಾನೇ ಹೂಂಗುಟ್ಟುತ್ತೇನೆ.

ಹೊರಟಾಗ ನನಗೆ ಇಪ್ಪತ್ತೈದು.
ಭೂಪಟದ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟೆ
ಎಂದು ಎಲ್ಲರಿಗೂ ಹೇಳಿದೆ.
ಸುಳ್ಳು. ಅರ್ಜಿ ಹಾಕಿದ ಒಂಬತ್ತು ದೇಶಗಳಲ್ಲಿ
ಉತ್ತರ ಬರೆದದ್ದು ಇದೊಂದೇ.

ಆರನೇ ಕ್ಲಾಸು. ಮಕ್ಕಳು ನನ್ನನ್ನು ಮಾಸ್ ಎನ್ನುತ್ತಾರೆ,
ಟೀಚರ್ ಎಂಬ ಅರ್ಥದ ಉದ್ದ ಪದವೊಂದರ ತುಂಡು.
ಮಾಸ್, ಮಾಸ್ ಎಂದು ಬೆಂಚಿನಿಂದ ಬೆಂಚಿಗೆ ಕೂಗುವಾಗ
ಯಾರೋ ತಿಂಗಳು ಎಣಿಸುತ್ತಿರುವಂತೆ ಕೇಳುತ್ತದೆ.
ಹತ್ತು ಮಾಸದ ಒಪ್ಪಂದ. ನಾಲ್ಕು ಮುಗಿದಿದೆ.

ಇವರ ಮಾತಲ್ಲಿ ಮಾಮ ಎಂದರೆ ಅಪ್ಪ.
ರೇಜೀ ತನ್ನ ಮಾಮನ ಲಾರಿಯ ಕಥೆ ಹೇಳಿದಾಗೆಲ್ಲ
ಪಂಚೆ ಎತ್ತಿ ಕಟ್ಟಿ ಮದುವೆಯಲ್ಲಿ ಸಾರು ಬಡಿಸಿದವನೊಬ್ಬ
ಸ್ಟಿಯರಿಂಗ್ ಹಿಡಿದು ಹಿಮದ ಘಾಟಿ ಇಳಿಯುತ್ತಾನೆ.
ಅಕ್ಷರಗಳೂ ಹಾಗೇ ಮೋಸ ಮಾಡುತ್ತವೆ:
ನಮ್ಮವುಗಳಂತೆಯೇ ದುಂಡಗೆ, ಹೊಟ್ಟೆ ಬಿಟ್ಟುಕೊಂಡು
ಬಸ್ಸಿನ ಫಲಕದಲ್ಲಿ ಕೂತು ನಗುತ್ತವೆ;
ಹತ್ತಿರ ಹೋದರೆ ಗುರುತೇ ಇಲ್ಲ.

ಶನಿವಾರ ಮಾರ್ಶ್ರುತ್ಕಾ ಹಿಡಿದು ಕುತೈಸಿಗೆ.
ಅಲ್ಲಿ ನನ್ನಂಥವರದೇ ಒಂದು ಮೇಜು:
ಕಾರ್ಕಿನ ಡೆಕ್ಲನ್, ಸೆಬುವಿನ ಮಾರಿಸೆಲ್.
ಯಾರು ಎಷ್ಟು ದೇಶ ಮುಗಿಸಿದರೆಂದು ಲೆಕ್ಕ,
ಪಂತಿಯಲ್ಲಿ ಪಂದ್ಯ ಕಟ್ಟಿ ಹೋಳಿಗೆ ಎಣಿಸಿದಂತೆ.
ನಮ್ಮನ್ನು ನಾವು ಎಕ್ಸ್‌ಪ್ಯಾಟ್ ಎಂದುಕೊಳ್ಳುತ್ತೇವೆ.
ಮಾರಿಸೆಲ್ ಮಾತ್ರ ಆ ಪದ ಬಂದಾಗ
ಬ್ರೆಡ್ಡು ಮುರಿಯುತ್ತಾಳೆ.
ಅವಳ ಅಕ್ಕ ಕುವೈತಿನಲ್ಲಿ ಪಾತ್ರೆ ತೊಳೆಯುತ್ತಾಳೆ.

ಸೋಮವಾರ. ಬೋರ್ಡಿನ ಮೇಲೆ ಭವಿಷ್ಯತ್ಕಾಲ.
ಈಗಷ್ಟೇ ನಿರ್ಧರಿಸಿದ್ದಾದರೆ ವಿಲ್,
ಮೊದಲೇ ನಿರ್ಧರಿಸಿದ್ದಾದರೆ ಗೋಯಿಂಗ್ ಟು,
ಟಿಕೆಟ್ಟೇ ಕೈಯಲ್ಲಿದ್ದರೆ ಈಸ್ ಕಮಿಂಗ್.
ತೇಕ್ಲಾ ಕೈಯೆತ್ತಿದಳು.
ಅವಳ ದೆದಾ, ಅಂದರೆ ಅಮ್ಮ, ಇಟಲಿಯ ಬಾರಿಯಲ್ಲಿ
ಮುದುಕಿಯೊಬ್ಬಳ ಮೈ ಒರೆಸುತ್ತಾಳೆ, ಆರು ವರ್ಷದಿಂದ.
ಕಾಗದಪತ್ರ ಸರಿಯಿಲ್ಲ.
ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬಿಡುವುದಿಲ್ಲ.
“ಮಾಸ್, ಪ್ರತಿ ಭಾನುವಾರ ಫೋನಿನಲ್ಲಿ ಬರ್ತೀನಿ ಅಂತಾಳೆ.
ಇದರಲ್ಲಿ ಯಾವುದು ಹಾಕಲಿ?”

ಸ್ಟವ್ವಿನೊಳಗೆ ಕಟ್ಟಿಗೆ ಬಿರಿಯಿತು.
ಇಡೀ ಕ್ಲಾಸು ನನ್ನ ಸೀಮೆಸುಣ್ಣ ನೋಡಿತು.

ನನ್ನ ಭಾಷೆಯಲ್ಲಿ ಬರ್ತಾಳೆ ಎಂದರೆ
ದಿನಾ ಬರ್ತಾಳೆ, ನಾಳೆ ಬರ್ತಾಳೆ,
ಇರು, ಬರ್ತಾಳೆ, ಅಳಬೇಡ, ಎಲ್ಲ ಒಂದೇ;
ಟಿಕೆಟ್ಟು ಕೇಳುವುದಿಲ್ಲ ಆ ಕ್ರಿಯಾಪದ.
ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು
ದೆವ್ವವನ್ನೇ ವರ್ಷಗಟ್ಟಲೆ ಅಲೆಸಿದ ಜನ ನಾವು.
ಹೇಳೋಣವೆನ್ನಿಸಿತು. ಅದಕ್ಕೆ ಇಂಗ್ಲಿಷು ಸಾಲದು,
ಅವಳ ಭಾಷೆಯಲ್ಲಿ ನನಗೆ ಗೊತ್ತಿದ್ದದ್ದು
ಬ್ರೆಡ್ಡು, ಬಸ್ಸು, ಸಾಕು, ಅಯ್ಯೋ ಸಾಕು.
ಈಸ್ ಕಮಿಂಗ್ ಬರೆ, ಎಂದೆ.
ಬರೆದಳು. ಕಮಿಂಗ್‌ಗೆ ಎರಡು ಎಮ್ ಹಾಕಿದಳು.
ಅದನ್ನಷ್ಟೇ ತಿದ್ದಿದೆ.

ಸಂಜೆ ಇಳಿಯುವಾಗ ಹೊಳೆಯ ನಟ್ಟನಡುವೆ ಕರೆಂಟು ಹೋಯಿತು.
ಡಬ್ಬಿ ಎರಡು ಸಲ ತೂಗಿ ಸುಮ್ಮನಾಯಿತು.
ಲಾಮ್ಜಿರಾ ಫೋನೆತ್ತಿ, ಇಟ್ಟು, “ಅಹ್ಲಾವೆ” ಎಂದಳು:
ಈಗಲೇ ಬರುತ್ತದೆ. ನಲವತ್ತು ನಿಮಿಷ.
ಯಾರೋ ಸೂರ್ಯಕಾಂತಿ ಬೀಜದ ಪೊಟ್ಟಣ ಬಿಚ್ಚಿದರು,
ಹಲ್ಲಿನ ಸದ್ದು ಬಿಟ್ಟರೆ ಬೇರೇನಿಲ್ಲ.
ತೇಕ್ಲಾ ತೂತಿನಿಂದ ಕೆಳಗೆ ನೋಡುತ್ತಲೇ ಕೇಳಿದಳು,
“ಮಾಸ್, ಯು, ನೆಕ್ಸ್ಟ್ ಇಯರ್?”
ಕ್ರಿಯಾಪದ ಹಾಕಲಿಲ್ಲ.

ಸಿಪ್ಪೆ ಎಲ್ಲಿ ಬಿಸಾಡಬೇಕೋ ತಿಳಿಯದೆ
ನನ್ನ ಮುಷ್ಟಿಯಲ್ಲೇ ಇತ್ತು, ಒದ್ದೆಯಾಗಿ.