ಬೆ.

ಸಭಾಪಾಲನೆಯ ತರಗತಿಯಲ್ಲಿ ಆ ಸೋಮವಾರ
ಸತ್ತವರನ್ನು ಮಣ್ಣಿಗೊಪ್ಪಿಸುವ ಪಾಠ.
ಹೆಣವಾಗಲು ಯಾರು ತಯಾರು, ಎಂದರು ಅಯ್ಯನವರು.
ಹುಮನಾಬಾದಿನ ಯೇಶಪ್ಪ ಎಲ್ಲರಿಗಿಂತ ಮೊದಲು ಎದ್ದ:
"ನಾ ಮಲಗ್ತೀನ್ರಿ, ರಾತ್ರಿ ಹೆಂಗೂ ನಿದ್ದಿ ಇಲ್ಲ."

ಎರಡು ಬೆಂಚು ಕೂಡಿಸಿ ಮೆಸ್ಸಿನ ಮೇಜುಬಟ್ಟೆ ಹೊದಿಸಿದೆವು,
ಭಾನುವಾರದ ಸಾರಿನ ಕಲೆ ಹಾಗೇ ಇತ್ತು ಎದೆಯ ಮೇಲೆ.
ನನ್ನ ಸರದಿ. ಪುಸ್ತಕ ಹಿಡಿದು, ದನಿ ತಗ್ಗಿಸಿ
ಇನ್ನೇನು ಮಣ್ಣಿನ ಮಾತಿಗೆ ಬರಬೇಕು,
ಹೆಣ ಸೀನಿತು.
ಮಳವಳ್ಳಿಯ ಸುಕನ್ಯಾ ಎಸ್ತೇರಳ ಕನ್ನಡಕ ನಕ್ಕು ನಕ್ಕು ಜಾರಿ ಬಿತ್ತು.
ಅಯ್ಯನವರು ನಗಲಿಲ್ಲ. ನನ್ನ ಹೆಸರಿನ ಮುಂದೆ ಬರೆದರು:
ದನಿ ಚೆನ್ನ. ಅವಸರ ಜಾಸ್ತಿ.

ಹನ್ನೊಂದು ಜನ ನಾವು, ನಲ್ಲಿ ಒಂದೇ.
ಐದೂವರೆಗೆ ಗಂಟೆ, ಆರಕ್ಕೆ ಪ್ರಾರ್ಥನೆ,
ನಡುವೆ ಬಕೆಟ್ಟಿನ ಜಗಳ.
ನೆರೆಯವನ ಪ್ರೀತಿಯ ಮೇಲೆ ಎಂಟು ಪುಟ ಬರೆದವನೇ
ನೆರೆಯವನ ಸೋಪು ಹಾರಿಸುತ್ತಾನೆ.
ಗ್ರೀಕಿನ ಕ್ರಿಯಾಪದ ಗುನುಗುತ್ತ ಹಿಟ್ಟು ತಿರುವಿ
ಗಂಟು ಕಟ್ಟಿಸಿದರೆ ಅಡುಗೆಯ ದೇವಮಣಿಯಕ್ಕ ಬಿಡುವುದಿಲ್ಲ:
"ಮುದ್ದೆ ತೊಳಸಕ್ಕೆ ಬರ್ದೋರು ನಾಳೆ ಸಭೆ ಹೆಂಗ್ ನೋಡ್ಕತೀರಪ್ಪ?"
ಯೇಶಪ್ಪ ಮೊದಲ ತಿಂಗಳೆಲ್ಲ ಮುದ್ದೆಯನ್ನು ಅಗಿದ.
ಈಗ ನುಂಗುತ್ತಾನೆ, ಕಣ್ಣು ಮುಚ್ಚಿಕೊಂಡು,
ನಂಬಿಕೆ ಅಂದರೆ ಇದೇ ಇರಬೇಕು ಅನ್ನುವ ಹಾಗೆ.

ಗುರುವಾರ ಸಂಜೆ ಫೋನು ಬಂತು ಮಂಡಿ ಮೊಹಲ್ಲಾದಿಂದ.
ಟೈಲರ್ ಮನುವೇಲಪ್ಪ ಇಲ್ಲ.
ನಮ್ಮ ಬಿಳಿ ನಿಲುವಂಗಿಗಳನ್ನೆಲ್ಲ ಹೊಲಿದವನು,
ಪ್ರತಿಯೊಂದರ ತೋಳೂ ನಾಲ್ಕು ಬೆರಳು ಉದ್ದ ಇಟ್ಟು
ನಮ್ಮಿಂದ ಬೈಸಿಕೊಂಡವನು.
ಹೆಂಡತಿ ಮಕ್ಕಳಿಲ್ಲ. ಅಯ್ಯನವರು ಹಾಸನಕ್ಕೆ ಹೋಗಿದ್ದರು.
ಹೊರಟೆವು ನಾಲ್ವರು, ಪುಸ್ತಕ ನನ್ನ ಚೀಲದಲ್ಲಿ.

ಮರದ ಮೆಟ್ಟಿಲು, ಒಬ್ಬನಷ್ಟೇ ಅಗಲ.
ಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಕೊಂಡು ಮೇಲೆ ಹತ್ತಲಿಲ್ಲ.
ಆಗ ಯೇಶಪ್ಪ ಒಳಗೆ ಹೋಗಿ
ಮನುವೇಲಪ್ಪನನ್ನು ಎರಡೂ ತೋಳಲ್ಲಿ ಎತ್ತಿಕೊಂಡು
ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಇಳಿದ.
ಕೆಳಗಿನ ಬೀಡಿ ಅಂಗಡಿಯ ಗೌಸ್ ಸಾಬರು ಟಾರ್ಚು ಹಿಡಿದರು,
"ಇನ್ನೊಂದು ಇದೆ, ನೋಡ್ಕೊಂಡು" ಅನ್ನುತ್ತ,
ಜೀವ ಇದ್ದವನನ್ನು ಇಳಿಸುವ ಹಾಗೆ.

ಸಮಾಧಿತೋಟದಲ್ಲಿ ಕತ್ತಲೆ. ಟಾರ್ಚು ಸಣ್ಣಗಾಗಿತ್ತು,
ಅಕ್ಷರ ಕಾಣಲಿಲ್ಲ. ಬಾಯಿಪಾಠದ್ದು ಅರ್ಧಕ್ಕೇ ನಿಂತಿತು.
ನಿಂತಲ್ಲೇ ನಾನೂ ನಿಂತೆ.
ಎಷ್ಟು ಹೊತ್ತೋ, ದೂರದಲ್ಲಿ ರೈಲೊಂದು ಪೂರ್ತಿ ಹಾದುಹೋಯಿತು.
ಮಣ್ಣು ಎಳೆಯುವಾಗ ಧೂಳಿಗೆ ಯೇಶಪ್ಪ ಸೀನಿದ.
ಯಾರೂ ನಗಲಿಲ್ಲ. ಅವನೇ ಆಚೆ ತಿರುಗಿದ.

ಬರುವಾಗ ಗೌಸ್ ಸಾಬರು ಅವನ ಅಳತೆ ಪುಸ್ತಕ ಕೊಟ್ಟರು:
"ನಿಮ್ಮ ಲೆಕ್ಕವೂ ಇರಬೇಕು."
ಇತ್ತು. ನೂರ ನಲವತ್ತು ಬಾಕಿ.
ಅದರ ಮೇಲೆ ನಮ್ಮ ಹನ್ನೊಂದು ಹೆಸರು, ಎದೆ, ಭುಜ, ಉದ್ದ,
ತೋಳಿನ ಅಳತೆಯ ಪಕ್ಕ ಎಲ್ಲರಿಗೂ ಒಂದೇ ಅಕ್ಷರ, ಚುಕ್ಕಿಯೊಂದಿಗೆ:
ಬೆ.

ಮೆಸ್ಸಿನಲ್ಲಿ ತಟ್ಟೆ ಮುಚ್ಚಿಟ್ಟ ಮುದ್ದೆ ಆರಿ ಕಲ್ಲಾಗಿತ್ತು.
ಬೆಳಿಗ್ಗೆ ಗ್ರೀಕು ಪರೀಕ್ಷೆ. ಯಾರೂ ಏಳಲಿಲ್ಲ.
ಬೆಲೆ ಇರಬೇಕು, ಎಂದೆ ನಾನು.
ಬೆರಳು, ಅಂದಳು ಸುಕನ್ಯಾ, ಬೆರಳಿನ ತನಕ ಬಿಡು ಅಂತ.
"ಬೆಳೀತಾವ ಹುಡುಗ್ರು," ಅಂದ ಯೇಶಪ್ಪ,
"ಅದಕ್ಕ ಉದ್ದ ಇಟ್ಟಾನ."
ದೇವಮಣಿಯಕ್ಕ ಪುಸ್ತಕವನ್ನು ದೀಪಕ್ಕೆ ಹಿಡಿದು, ದೂರ ಮಾಡಿ, ಹತ್ತಿರ ತಂದು,
"ನಂಗೆ ಓದಕ್ಕೆ ಬರಾಕಿಲ್ಲ" ಎಂದು ವಾಪಸು ಕೊಟ್ಟಳು.
"ಮೊದ್ಲು ಆ ನೂರ ನಲವತ್ತು ಯಾರಿಗಾದ್ರೂ ಕೊಡಿ."

ಯಾರಿಗೆ?
ನಲ್ಲಿಯ ಹತ್ತಿರ ಕೈ ತೊಳೆಯಲು ಸಾಲು ನಿಂತೆವು.
ನೀರು ಸಣ್ಣಗೆ ಬರುತ್ತಿತ್ತು.
ನನಗಿಂತ ಮುಂದಿದ್ದವನು ಪಕ್ಕಕ್ಕೆ ಸರಿದು
ನೀನು ಹೋಗು, ಅಂದ.
ತೋಳು ಮಡಚತೊಡಗಿದೆ. ಮಡಚಿದಷ್ಟೂ ಇತ್ತು.