ಕೋಗಿಲೆಯ ಕೊಕ್ಕು

ಫೆಬ್ರವರಿ ಹದಿಮೂರು. ಅಂಚೆಕಚೇರಿಯ ಮೂರನೇ ಮೆಟ್ಟಿಲು.
ನಾನು ಜಾರಲಿಲ್ಲ,
ಕಾಲು ಮುಂದೆ ಹೋಯಿತು, ನಾನು ಅಲ್ಲೇ ಉಳಿದೆ
ಎನ್ನುತ್ತೇನೆ ಕೇಳಿದವರಿಗೆ.
ಕೈಯಲ್ಲಿದ್ದ ಪೊಟ್ಟಣಕ್ಕೆ ಏನೂ ಆಗಲಿಲ್ಲ.
ಅದರಲ್ಲಿದ್ದದ್ದು ಉಣ್ಣೆ.

ಮುಹು ದ್ವೀಪದಲ್ಲಿ ಬಿದ್ದವರು
ಮೊದಲು ಸುತ್ತ ನೋಡುತ್ತಾರೆ, ನೋವು ಆಮೇಲೆ.
ಕಂಡವನು ಎಂಡೆಲ್ ಒಬ್ಬನೇ,
ಫೆರ್ರಿಯಲ್ಲಿ ಹಗ್ಗ ಕಟ್ಟುವವ.
ಮುಖ ತಿರುಗಿಸಿದ. ಅದು ಇಲ್ಲಿಯ ಮರ್ಯಾದೆ.

ನೇಯುವುದು ಕೈಯ ಕಸುಬು ಅನ್ನುತ್ತಾರೆ. ಸುಳ್ಳು.
ಮೂವತ್ತೊಂದು ವರ್ಷ ಮಗ್ಗದ ಹಲಗೆಯ ಮೇಲೆ
ಕೂತದ್ದು ಕೈಯಲ್ಲ.
ಈಗ ಕೂತರೆ ಮೊಳೆ.
ಏಳುವಾಗ, ಆ ಒಂದು ಗಳಿಗೆ,
ಮೊಳೆಯನ್ನು ಯಾರೋ ತಿರುವಿದ ಹಾಗೆ.

ಎಲ್ಲಿ ನೋವು ಎಂದರೆ ಸೊಂಟ ಎನ್ನುತ್ತಿದ್ದೆ.
ಸೊಂಟಕ್ಕೆ ಮಾನವಿದೆ,
ಪಾದ್ರಿಯ ಹೆಂಡತಿಗೂ ಹೇಳಬಹುದು.
ಅವಳು ಬ್ಯಾಜರ್ ಕೊಬ್ಬಿನ ಡಬ್ಬಿ ತಂದುಕೊಟ್ಟಳು.
ನಾಲ್ಕು ವಾರ ಹಚ್ಚಿದೆ,
ನೋವಿಗಲ್ಲ, ಸುಳ್ಳಿಗೆ.

ಆಮೇಲೆ ಕುರೆಸ್ಸಾರೆಗೆ ಬಸ್ಸು.
ಖಾಲಿ ಸೀಟುಗಳ ನಡುವೆ ಕಂಬಿ ಹಿಡಿದು ನಿಂತೇ ಹೋದೆ.
ಡಾಕ್ಟರು ನನ್ನ ಮಗಳ ವಯಸ್ಸಿನವಳು,
ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಳು:
ಬೆನ್ನಿನ ದಾರ ಮುಗಿಯುವಲ್ಲಿ ನಾಲ್ಕು ಗಂಟು,
ಕೊನೆಯದು ಒಳಕ್ಕೆ ಬಾಗಿದೆ.
ಮುರಿದಿಲ್ಲ, ಅಂದಳು.
ನನಗೆ ಕಂಡಿತು: ಮುನಿದಿದೆ.
ಹಳೆಯ ಗ್ರೀಕರಿಗೆ ಇದು
ಕೋಗಿಲೆಯ ಕೊಕ್ಕಿನಂತೆ ಕಂಡಿತಂತೆ,
ಮೂಳೆಗೆ ಹಕ್ಕಿಯ ಹೆಸರೇ ನಿಂತಿತಂತೆ.

ನಮ್ಮಜ್ಜಿ ವಸಂತದಲ್ಲಿ ದಿಂಬಿನ ಕೆಳಗೆ
ಕರಿರೊಟ್ಟಿಯ ತುಂಡಿಟ್ಟು ಮಲಗುತ್ತಿದ್ದಳು.
ಖಾಲಿ ಹೊಟ್ಟೆಗೆ ಕೋಗಿಲೆ ಕೇಳಿಸಿದರೆ
ಹಕ್ಕಿ ಮೋಸ ಮಾಡಿತು, ವರ್ಷವಿಡೀ ಕೇಡು.
ನಾನೂ ಆ ತುಂಡನ್ನು ಎಂದೂ ತಪ್ಪಿಸಿದವಳಲ್ಲ.
ಒಳಗಿನಿಂದಲೂ ಬರಬಹುದು ಹಕ್ಕಿ
ಎಂದು ಅಜ್ಜಿಗೆ ಯಾರು ಹೇಳಬೇಕಿತ್ತು?

ಚೀಟಿಯಲ್ಲಿ ಔಷಧಿ ಕಡಿಮೆ, ಬುದ್ಧಿ ಜಾಸ್ತಿ.
ಹಿಂದುಗಡೆ ಕತ್ತರಿಸಿ ತೆಗೆದ ದಿಂಬು,
ಕೊಕ್ಕು ತೂಗಲಿ ಗಾಳಿಯಲ್ಲಿ, ಏನನ್ನೂ ಕುಕ್ಕದೆ.
ಇಪ್ಪತ್ತು ನಿಮಿಷ ಕೂತರೆ ಎದ್ದು ನಾಲ್ಕು ಹೆಜ್ಜೆ.
ಏಳುವ ಮೊದಲು ಮುಂದಕ್ಕೆ ಬಾಗು.
ಬಿಸಿನೀರಿನ ಚೀಲ. ನೆನೆಸಿದ ಒಣ ಪ್ಲಮ್ಮು
(ಯಾಕೆಂದು ಕೇಳಬೇಡಿ, ಗೊತ್ತಾಗುತ್ತದೆ).
ಇಷ್ಟಕ್ಕೂ ಬಗ್ಗದಿದ್ದರೆ ಸೂಜಿ.
ಮೂಳೆ ತೆಗೆಯುವ ಮಾತು ತೀರಾ ಕೊನೆಗೆ,
ಅದನ್ನು ಅವಳು ಕಿಟಕಿ ನೋಡುತ್ತ ಹೇಳಿದಳು.

ವ್ಯಾಯಾಮ ಕಲಿಸುವ ಮೆರಿಕೆಯ ಕೈ ತಣ್ಣಗೆ.
ಬಿಗಿಹಿಡಿದಿದ್ದೀಯ, ಬಿಡು, ಅಂದಳು.
ಬಿಟ್ಟೇ ಇದ್ದೇನೆ, ಅಂದೆ.
ಇಲ್ಲ, ಅಂದಳು.
ಯಾವಾಗಿನಿಂದ ಎಂದು ಅವಳು ಕೇಳಲಿಲ್ಲ.
ನಾನೇ ಲೆಕ್ಕ ಹಾಕುತ್ತ ಹೋದೆ.
ಲೆಕ್ಕ ಅಂಚೆಯ ಮೆಟ್ಟಿಲಿನಲ್ಲಿ ನಿಲ್ಲಲಿಲ್ಲ,
ಇನ್ನೂ ಹಿಂದಕ್ಕೆ ಹೋಯಿತು.

ಏಪ್ರಿಲಿನಲ್ಲಿ ನೂಲು ತರಲು ಆಚೆ ದಡಕ್ಕೆ ಹೊರಟೆ.
ಫೆರ್ರಿಯಲ್ಲಿ ಸಾಲುಸಾಲು ಖಾಲಿ ಕುರ್ಚಿ,
ಕಿಟಕಿಗೊರಗಿ ನಿಂತಿದ್ದೆ.
ಎಂಡೆಲ್ ಬಂದು ಪಕ್ಕದಲ್ಲಿ ನಿಂತ.
ಸಮುದ್ರ ನೋಡುತ್ತ ಕೇಳಿದ: ಎಷ್ಟು ದಿನ?
ಎರಡು ತಿಂಗಳು.
ನಂದು ಹನ್ನೊಂದು ವರ್ಷ, ಅಂದ.
ಹೆರಿಂಗ್ ಮೀನಿನ ಪೀಪಾಯಿ, ಒದ್ದೆ ಹಲಗೆ.
ಯಾರಿಗೂ ಹೇಳಿಲ್ಲ.
ನಿಂತೇ ಮಾಡುವ ಕೆಲಸ, ಯಾರು ಕೇಳುತ್ತಾರೆ?

ಅವನಿಗೂ ಒಂದು ದಿಂಬು ಕತ್ತರಿಸಿದೆ,
ಮುಹುವಿನ ಕಿತ್ತಳೆ ಪಟ್ಟೆಯ ಹೊದಿಕೆ ನೇಯ್ದು ತೊಡಿಸಿದೆ.
ಹೂವು ಜಾಸ್ತಿಯಾಯಿತು ಎಂದು
ಹೊದಿಕೆಯನ್ನು ಒಳಹೊರಗೆ ಮಾಡಿ ಕೂರುತ್ತಾನೆ.
ಕೂರುತ್ತಾನೆ.

ಹತ್ತಕ್ಕೆ ಎಷ್ಟು ನೋವು, ಡಾಕ್ಟರು ಪ್ರತಿಸಲ ಕೇಳುತ್ತಾಳೆ.
ಒಂಬತ್ತಿತ್ತು, ಈಗ ಮೂರು, ಮಳೆ ಬಂದರೆ ನಾಲ್ಕು.
ಸೊನ್ನೆಯನ್ನು ನಾನು ಕೇಳುವುದಿಲ್ಲ,
ಅವಳೂ ಮಾತು ಕೊಡುವುದಿಲ್ಲ.

ನಿನ್ನೆ ಮುಂಜಾನೆ ಮಗ್ಗದ ಮುಂದೆ, ದಿಂಬಿನ ಮೇಲೆ,
ಮೊಟ್ಟೆಯಾಕಾರದ ಗಡಿಯಾರ ತಿರುವಿ ಕೂತಿದ್ದೆ.
ಬರ್ಚ್ ಮರಗಳ ಕಡೆಯಿಂದ ಕೋಗಿಲೆ,
ಈ ವರ್ಷದ ಮೊದಲನೆಯದು.
ರೊಟ್ಟಿ ತಿಂದಿರಲಿಲ್ಲ.
ಎದ್ದುಹೋಗಿ ಒಂದು ತುಂಡು ಬಾಯಿಗೆ ಹಾಕಬಹುದಿತ್ತು.
ಆದರೆ ಕೂತಿದ್ದೆ, ನೋಡಿ, ಕೂತಿದ್ದೆ,
ಗಂಟೆ ಬಾರಿಸಲು ಇನ್ನೂ ಏಳು ನಿಮಿಷವಿತ್ತು.