ಒಂದೂವರೆ ಸುತ್ತು

ಬೋಟುಗಳಿಗೆ ರಜೆ. ಧಕ್ಕೆಯಲ್ಲಿ
ಹಗ್ಗಕ್ಕೆ ಹಗ್ಗ ಬಿಗಿದುಕೊಂಡು ಮಲಗಿವೆ.
ಎರಡು ತಿಂಗಳು ನನ್ನ ಕೈಯೂ ಖಾಲಿ.
ತಗಡಿನ ಮಾಡಿನ ಕೆಳಗೆ ನನ್ನ ರಾಜ್‌ದೂತ್ ಮುನ್ನೂರೈವತ್ತು,
ಎರಡು ಸಿಲಿಂಡರು, ಎರಡು ಕಾರ್ಬುರೇಟರು,
ಒಂದೇ ಪಂಕ್ತಿಗೆ ಕೂತ ಮುನಿಸಿನ ಭಾವಂದಿರು:
ಒಬ್ಬ ಉಂಡೆದ್ದು ಕೈ ತೊಳೆಯುವಾಗ
ಇನ್ನೊಬ್ಬ ಎಲೆಗೆ ನೀರು ಚಿಮುಕಿಸುತ್ತಾನೆ.

ಮಲ್ಪೆ ಪೇಟೆಯಲ್ಲಿ ಶೇಖಬ್ಬರ ಅಂಗಡಿ.
ಮಗ ಅನೀಸ್ ಕೆಂಪು ಪೆಟ್ಟಿಗೆ ತೆರೆದ.
ನಲವತ್ತಾರು ತುಂಡು, ಒಂದೊಂದಕ್ಕೂ ಒಂದೊಂದು ಗುಳಿ,
ಮದುಮಗಳ ಒಡವೆ ತೋರಿಸುವ ಹಾಗೆ ತಿರುಗಿಸಿದ.
ನನಗೆ ಬೇಕಾದದ್ದು ಅದರಲ್ಲಿ ಮೂರು.
ಆ ಮೂರೂ ಸರಿಯಿಲ್ಲ.

ಬಟ್ಟಲಿನ ತಿರುಪುಗಳ ತಲೆಯ ಮೇಲೆ
ಕೂಡಿಸುವ ಗುರುತು ಇದೆ, ನಿಜ.
ಆದರೆ ಅದು ಜಪಾನಿನವರ ಕೂಡಿಸುವುದು.
ನಮ್ಮ ಪ್ಲಸ್ ಇಟ್ಟು ತಿರುಗಿಸಿದರೆ
ಬುಟ್ಟಿಯಿಂದ ಏಡಿ ಹತ್ತುವ ಹಾಗೆ
ಮೆಲ್ಲ ಮೇಲೆ ಬಂದು ಜಾರುತ್ತದೆ.
‘ಪ್ಲಸ್ ಅಂದ್ರೆ ಪ್ಲಸ್ಸೇ ಅಲ್ವಾ ಅಣ್ಣ?’
ಅಲ್ಲ ಮಾರಾಯ. ಅರ ಇದ್ದರೆ ತಾ,
ತುದಿಯನ್ನು ಒಂದು ಕೂದಲಷ್ಟು ಉಜ್ಜುತ್ತೇನೆ.

ಗಾಳಿಯ ತಿರುಪು ಹಿತ್ತಾಳೆಯದ್ದು, ಸೀಳುಬಾಯಿ.
ಅದಕ್ಕೆ ಬೇಕಾದ ಮೈನಸ್ಸಿಗೆ ಸೀಳಿನದ್ದೇ ಅಗಲ,
ಸೀಳಿನದ್ದೇ ದಪ್ಪ ಇರಬೇಕು, ಹಿಡಿ ಮಾತ್ರ ಗಿಡ್ಡ.
ಉದ್ದ ಹಿಡಿಗೆ ಅಹಂಕಾರ ಜಾಸ್ತಿ,
ಬಿಗಿ ಮುಗಿದದ್ದು ಕೈಗೆ ಗೊತ್ತಾಗುವುದಿಲ್ಲ,
ಒಳಗೆ ಸೂಜಿಯ ಮೂತಿಗೆ ಬಳೆ ಬಿದ್ದಿರುತ್ತದೆ.
ಹತ್ತರ ಸ್ಪ್ಯಾನರ್ ಒಂದು ತೆಗೆದುಕೊಂಡೆ, ತೆಳ್ಳಗಿನದ್ದು.
ಜೆಟ್ ಚುಚ್ಚುವ ಉಕ್ಕಿನ ಸೂಜಿಗಳ ಗೊಂಚಲು
ಮುಂದಿಟ್ಟ. ಬೇಡ ಅಂದೆ.
ಉಕ್ಕು ತೂತನ್ನು ಶುಚಿ ಮಾಡುವುದಿಲ್ಲ, ದೊಡ್ಡದು ಮಾಡುತ್ತದೆ.
ನನ್ನ ಮನೆಯ ಜಗಲಿಯಲ್ಲಿ ಹರಿದ ಬಲೆ ಇದೆ,
ಕಂಗೂಸಿನ ಒಂದು ಎಳೆ ಸಾಕು,
ಬಂಗುಡೆಯ ಕಿವಿರು ಹಿಡಿದದ್ದಕ್ಕೆ
ಪೆಟ್ರೋಲಿನ ಕೆಸರು ಯಾವ ಲೆಕ್ಕ.

ಕೊನೆಗೆ ಅವನು ಮೇಲಿನ ಅಟ್ಟದಿಂದ
ಇಬ್ಬರು ಡಾಕ್ಟರುಗಳ ಮುಖದಂಥ ಎರಡು ಗಡಿಯಾರ ಇಳಿಸಿದ,
ಗಾಳಿಯ ಸೆಳೆತ ಅಳೆಯುವುದು. ಸಾವಿರದ ಎಂಟುನೂರು.
ನಾನು ಒಂದೂವರೆ ಮೀಟರ್ ರಬ್ಬರ್ ಟ್ಯೂಬು ಕೇಳಿದೆ.

ಹೇಳಬೇಕಾದ ಮಾತು: ನನಗೆ ಎಡಗಿವಿ ಇಲ್ಲ.
ಇಪ್ಪತ್ತೆರಡು ವರ್ಷ ಬೋಟಿನ ಹೊಟ್ಟೆಯಲ್ಲಿ
ಇಂಜಿನು ಯಾವತ್ತೂ ನನ್ನ ಎಡಕ್ಕೇ ಇತ್ತು.
ಬದಿ ಬದಲಿಸಿ ಕೂರಬಹುದಿತ್ತು. ಹೊಳೆಯಲಿಲ್ಲ.

ಸಂಜೆ ಟ್ಯೂಬಿನ ಒಂದು ತುದಿ ಬಲಗಿವಿಗೆ,
ಇನ್ನೊಂದು ತುದಿ ಎಡ ಕಾರ್ಬುರೇಟರಿನ ಗಂಟಲಿಗೆ.
ಸ್ಸ್ಸ್. ನೆನಪಿಟ್ಟುಕೊಂಡೆ.
ಬಲದ್ದಕ್ಕೆ ಹಿಡಿದೆ. ಸ್ವಲ್ಪ ಗೊಗ್ಗರು.
ಎರಡು ಕಿವಿ ಇದ್ದವನು ಎರಡನ್ನೂ ಒಟ್ಟಿಗೆ ಕೇಳಿ
ಒಂದಕ್ಕೆ ಪಕ್ಷ ವಹಿಸುತ್ತಾನೋ ಏನೋ,
ನನಗೆ ಆ ಸೌಕರ್ಯ ಇಲ್ಲ.
ತಂತಿಯ ತಿರುಪು ಕಾಲು ಸುತ್ತು. ಮತ್ತೆ ಆಚೆ. ಮತ್ತೆ ಈಚೆ.
ಗಾಳಿ ತಿರುಪು ಮೆತ್ತಗೆ ತಳ ಮುಟ್ಟಿಸಿ
ಒಂದೂವರೆ ಸುತ್ತು ಹಿಂದೆ.

‘ನನ್ನ ಊಟದ ಬಟ್ಟಲಲ್ಲಿ ಇದೆಂಥದ್ದು?’ ಗುಲಾಬಿ.
ತಿರುಪು ಉರುಳದಿರಲು ಅಂಚಿನ ಬಟ್ಟಲೇ ಬೇಕು, ಅಂದೆ.
ಅವಳು ಟ್ಯೂಬು ಕಸಿದು ತನ್ನ ಕಿವಿಗಿಟ್ಟು
ಆಚೆ ಈಚೆ ಎರಡು ಸಲ ಕೇಳಿ
‘ಈಗ ಇಬ್ಬರೂ ಒಂದೇ ಗೊರಕೆ’ ಅಂದು ಒಳಗೆ ಹೋದಳು.
ಆಮೇಲೂ ಏನೋ ಹೇಳಿದಳು,
ನನ್ನ ಎಡಕ್ಕೆ. ಕೇಳಿಸಲಿಲ್ಲ.

ಗಾಡಿ ಕಲ್ಮಾಡಿ ಸೇತುವೆವರೆಗೆ
ಒಂದೇ ಉಸಿರಲ್ಲಿ ಹೋಗಿ ಬಂತು.
ತಿರುಗಿ ಬಂದು ನೋಡಿದರೆ ಬಟ್ಟಲಿನಲ್ಲಿ
ಒಂದು ವಾಷರ್ ಉಳಿದಿದೆ.
ಎಲ್ಲಿಯದ್ದೋ.